ಗಾಯರಾಣದ ಕಲ್ಲುಗುಪ್ಪೆ

ಭಾಲ್ಕಿಯ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಪಿಯುಸಿ ಎರಡನೇ ವರ್ಷದ ಪುಸ್ತಕದ ಕೊನೆಯ ಕಡೆ ಪರಮಾಣುವಿನ ನ್ಯೂಕ್ಲಿಯಸ್ಸಿನ ಪಾಠ ಬರುತ್ತದೆ. ಆ ಹೊತ್ತಿಗೆ ಪರೀಕ್ಷೆ ತಲೆಯ ಮೇಲೆ ಬಂದಿರುವುದರಿಂದ ಎಲ್ಲರೂ ಅದನ್ನು ಓಡಿಸಿ ಮುಗಿಸುತ್ತಾರೆ. ನನಗೆ ಮಾತ್ರ ಆ ಪಾಠವೆಂದರೆ ಜೀವ. ಅದಕ್ಕಾಗಿಯೇ ವರ್ಷವಿಡೀ ಬೇರೆ ಪಾಠಗಳಿಂದ ಒಂದೊಂದು ಪಿರಿಯಡ್ಡು ಕದ್ದು ಕೂಡಿಡುತ್ತೇನೆ. ಹುಡುಗರಿಗೆ ಇದು ಗೊತ್ತು. ಆ ವಾರ ನಾನು ಬೈಯುವುದಿಲ್ಲ ಎಂದೂ ಗೊತ್ತು.

ಸ್ಟಾಫ್ ರೂಮಿನಲ್ಲಿ ನನಗೊಂದು ಅಡ್ಡಹೆಸರು ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಜೆಟ್ಟಿನಲ್ಲಿ ಕರೆಂಟು ಮಾಡುವ ಸಣ್ಣ ಅಣು ರಿಯಾಕ್ಟರುಗಳ ಮಾತು ಬಂದ ದಿನದಿಂದ ನನ್ನ ಬಾಯಿಗೆ ಬೀಗವಿರಲಿಲ್ಲ. ಚೀನಾದವರು ತಮ್ಮ ದಕ್ಷಿಣದ ದ್ವೀಪದಲ್ಲಿ ಒಂದನ್ನು ಕಟ್ಟುತ್ತಿದ್ದಾರೆ, ಕೊರಿಯಾದವರು ತಾವೇ ವಿನ್ಯಾಸ ಮಾಡಿ ಹೊರಗೆ ಮಾರಲು ನೋಡುತ್ತಿದ್ದಾರೆ, ಬಾಂಗ್ಲಾದೇಶ ನದಿಯ ದಂಡೆಯಲ್ಲಿ ದೊಡ್ಡದನ್ನೇ ಎಬ್ಬಿಸಿದೆ, ಇಂಡೋನೇಷ್ಯಾ, ಫಿಲಿಪ್ಪೀನ್ಸಿನಂಥ ದ್ವೀಪಗಳ ದೇಶಗಳಿಗೂ ಈ ಸಣ್ಣದರ ಮೇಲೆ ಕಣ್ಣು, ಕೈ ಸುಟ್ಟುಕೊಂಡ ಜಪಾನೇ ಮುಚ್ಚಿದ್ದನ್ನು ಒಂದೊಂದಾಗಿ ತೆರೆಯುತ್ತಿದೆ, ನಾವೇನು ಪಾಪ ಮಾಡಿದ್ದೇವೆ ಎಂದು ಚಹಾದ ಹೊತ್ತಿಗೆ ಶುರುಮಾಡಿದರೆ ಗಂಟೆ ಹೊಡೆಯುವವರೆಗೂ ಬಿಡುತ್ತಿರಲಿಲ್ಲ. ರಸಾಯನಶಾಸ್ತ್ರದ ಮೇಡಂ "ಎಲ್ಲಾ ಖರೇ ರೀ, ಆದ್ರ ನಿಮ್ಮ ಮನಿ ಮುಂದ ಕಟ್ತೀನಂದ್ರ?" ಎಂದು ಕೇಳುತ್ತಿದ್ದರು. "ಕಟ್ಲಿ ರೀ, ಬಾಗಲಿಗೆ ತೋರಣ ಕಟ್ಟಿ ಕರೀತೇನಿ" ಎನ್ನುತ್ತಿದ್ದೆ. ಔರಾದಿನ ಕಡೆಯ ನಮ್ಮ ಹಳ್ಳಿಯಲ್ಲಿ ಕರೆಂಟು ಬಂದು ಹೋಗುವ ಆಟ ನೋಡುತ್ತ ಬೆಳೆದವಳು ನಾನು. ಕರೆಂಟು ಬೇಕು, ಆದರೆ ಅದು ಎಲ್ಲಿಂದಲೋ ತಾನಾಗಿ ಬರಬೇಕು ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಆ ಪಾಠದಲ್ಲಿ ನಾನು ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆಯನ್ನೂ ಕೇಳುತ್ತೇನೆ. ರಿಯಾಕ್ಟರಿನಲ್ಲಿ ಉರಿದು ಉಳಿದ ಇಂಧನವನ್ನು ಆಳದ ಬಂಡೆಯಲ್ಲಿ ಹೂಳಬೇಕಾಗುತ್ತದೆ. ಅದರ ವಿಷ ಇಳಿಯಲು ಸಾವಿರಾರು ವರ್ಷ ಹಿಡಿಯುತ್ತದೆ. ಅಷ್ಟು ಕಾಲದ ಮೇಲೆ ಬರುವ ಜನಕ್ಕೆ ನಮ್ಮ ಭಾಷೆ ಬರುತ್ತದೋ ಇಲ್ಲವೋ. ಇಲ್ಲಿ ಅಗೆಯಬೇಡಿ ಎಂದು ಅವರಿಗೆ ಹೇಗೆ ತಿಳಿಸುತ್ತೀರಿ? ಹುಡುಗರಿಗೆ ಇದು ಬಲು ಇಷ್ಟ. ಒಬ್ಬ ಮುಳ್ಳುತಂತಿ ಎಂದ. ಇನ್ನೊಬ್ಬ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕರಲ್ಲೂ ಬರೆಸೋಣ ಎಂದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಒಂದು ಕಲ್ಲಿಗೆ ಕುಂಕುಮ ಹಚ್ಚಿ ಬಿಡ್ರಿ ಮೇಡಂ, ಯಾರೂ ಮುಟ್ಟಂಗಿಲ್ಲ" ಎಂದಳು. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಆ ನಗು ಕಳೆದ ವರ್ಷದ್ದು.

ನಮ್ಮದು ಕುರಿ ಸಾಕುವ ಮನೆ. ಅಪ್ಪ ಇದ್ದಾಗ ಹಿಂಡು ದೊಡ್ಡದಿತ್ತು, ಈಗ ಅಣ್ಣ ಸಣ್ಣದಾಗಿ ನಡೆಸುತ್ತಾನೆ, ಜೊತೆಗೆ ಒಂದಿಷ್ಟು ತೊಗರಿ, ಜೋಳದ ಹೊಲ. ಅವ್ವ ಅವನ ಜೊತೆಗೇ ಇದ್ದಾಳೆ. ಇದ್ದಾಳೆ ಎಂದರೆ ಮೂಲೆಯಲ್ಲಿ ಕೂತಿದ್ದಾಳೆ ಎಂದಲ್ಲ. ಹಿಂಡಿನ ಹಿಂದೆ ಈಗಲೂ ನಡೆಯುತ್ತಾಳೆ, ಅತ್ತಿಗೆಯನ್ನು ಅಂಗಳದಲ್ಲಿ, ಅಣ್ಣನನ್ನು ಅಡವಿಯಲ್ಲಿ ಒಂದೇ ದನಿಯಲ್ಲಿ ಗದರುತ್ತಾಳೆ. ಊರಾಚೆ ಗಾಯರಾಣವಿದೆ. ಊರಿನ ದನ, ಕುರಿ ಮೇಯಲೆಂದು ಬಿಟ್ಟ ಸರ್ಕಾರಿ ಜಮೀನಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಕುರುಚಲು ಜಾಲಿ, ಬಾರಿಗಿಡ, ಮುರಮು ಎನ್ನುವ ಗರಸುಮಣ್ಣಿನ ನೆಲ, ಮಳೆಗಾಲದಲ್ಲಿ ಮೊಣಕಾಲಿಗೆ ಬರುವ ಹುಲ್ಲು. ಹೊರಗಿನವರಿಗೆ ಅಲ್ಲಿ ನೋಡಲು ಏನೂ ಸಿಗುವುದಿಲ್ಲ.

ಆ ಗಾಯರಾಣದ ಇಳಿಜಾರಿನಲ್ಲಿ ಒಂದು ಕಲ್ಲುಗುಪ್ಪೆ ಇತ್ತು. ಹಿಂಡು ಅದರ ಪಕ್ಕ ಹಾದು ಹೋಗುವಾಗ ನಮ್ಮ ಮನೆಯವರು ದಾರಿಯಿಂದ ಒಂದು ಕಲ್ಲೆತ್ತಿ ಅದರ ಮೇಲೆ ಇಡಬೇಕು, ಇಟ್ಟು ಹಿಂದಿರುಗಿ ನೋಡದೆ ನಡೆಯಬೇಕು. ನಾನು ಫ್ರಾಕು ಹಾಕುವ ವಯಸ್ಸಿನಿಂದ ಇಟ್ಟಿದ್ದೇನೆ. ಯಾಕೆ ಎಂದು ಅಪ್ಪನನ್ನು ಒಮ್ಮೆ ಕೇಳಿದಾಗ "ಇಡು ಅಂದ್ರ ಇಡು" ಎಂದಿದ್ದ. ಕುರಿ ಕಾಯುವವರಿಗೆ ದಾರಿಯುದ್ದಕ್ಕೂ ಏನಾದರೊಂದು ಕಟ್ಟಳೆ ಇದ್ದೇ ಇರುತ್ತದೆ. ಇದೂ ಯಾವುದೋ ದಾರಿಯ ದೇವರು ಎಂದುಕೊಂಡು ದೊಡ್ಡವಳಾದೆ. ಫಿಜಿಕ್ಸ್ ಎಂ.ಎಸ್ಸಿ ಮುಗಿಸಿ ಬಂದ ಮೇಲೂ ಆ ದಾರಿಯಲ್ಲಿ ಹೋದರೆ ಕೈ ತಾನಾಗಿ ಕಲ್ಲಿಗೆ ಹೋಗುತ್ತಿತ್ತು.

ಅಣ್ಣ ಒಂದು ದಿನ ಫೋನು ಮಾಡಿ, "ತಂಗೀ, ನಿನ್ನ ಅಣು ನಮ್ಮ ಬಾಗಲಿಗೇ ಬಂದದ ನೋಡು" ಎಂದ. ಸಣ್ಣ ರಿಯಾಕ್ಟರಿಗೆ ಜಾಗ ಹುಡುಕಲು ಹತ್ತಾರು ಕಡೆ ಮೊದಲ ಸುತ್ತಿನ ಪರೀಕ್ಷೆ ನಡೆಯುತ್ತಿದೆಯಂತೆ, ಅದರಲ್ಲಿ ನಮ್ಮ ಗಾಯರಾಣವೂ ಒಂದಂತೆ. ನೆಲ ಎಂಥದು, ಕೆಳಗೆ ಬಂಡೆ ಎಷ್ಟು ಗಟ್ಟಿ ಎಂದು ನೋಡಲು ಬೋರು ಕೊರೆಯುವವರಿದ್ದಾರೆ. ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ರವಿವಾರ ಬೆಳಿಗ್ಗೆಯ ಮೊದಲ ಬಸ್ಸಿಗೇ ಊರಿಗೆ ಹೋದೆ.

ಊರಿನ ಚಹಾದಂಗಡಿಯ ಮಾತಿನಲ್ಲಿ ರಿಯಾಕ್ಟರು ಆಗಲೇ ಬಾಂಬಾಗಿತ್ತು. ಒಬ್ಬರು ಕಮಲನಗರದವರೆಗೂ ಊರು ಎಬ್ಬಿಸುತ್ತಾರೆ ಎಂದರೆ, ಇನ್ನೊಬ್ಬರು ಮನೆಗೊಂದು ನೌಕರಿ ಖಾಯಂ ಎನ್ನುತ್ತಿದ್ದರು. ಕುರಿಗಳಿಗೆ ಉಣ್ಣೆ ಬರುವುದಿಲ್ಲ, ಮರಿ ಸತ್ತು ಹುಟ್ಟುತ್ತವೆ ಎಂದು ಒಬ್ಬ ಮುದುಕರ ಚಿಂತೆ. ನಾನು ನಡುವೆ ನಿಂತು, "ನೀರು ಕಾಸೋ ಒಲಿ ರೀ ಕಾಕಾ ಅದು. ನಮ್ಮ ಹಂಡೇ ಒಲಿಗೆ ಕಟಗಿ, ಅದಕ್ಕ ಯುರೇನಿಯಂ. ನೀರು ಕುದ್ದು ಉಗಿ ಆಗಿ ಚಕ್ರ ತಿರಗತದ, ಅಷ್ಟೇ" ಎಂದು ಕೈ ಆಡಿಸಿ ಹೇಳಿದೆ. ಹೆದರುವವರ ಹೆದರಿಕೆಯೆಲ್ಲ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು, ಆದರೆ ಆ ಹೊತ್ತಿನಲ್ಲಿ ಅವರ ಬಾಂಬಿಗೆ ನನ್ನ ಹಂಡೆ ಅಡ್ಡ ಹಿಡಿಯುವುದೇ ಮುಖ್ಯವಾಗಿತ್ತು. ಅಣ್ಣ ಮಾತ್ರ ಒಂದೇ ಮಾತು ಕೇಳಿದ. "ಹಂಗಾದ್ರ ಕುರಿ ಎಲ್ಲಿ ಮೇಸ್ಲಿ?" ಸಣ್ಣದಕ್ಕೆ ಹೆಚ್ಚು ಜಾಗ ಬೇಡ ಎಂದೆ. ಅವ್ವ ಏನನ್ನೂ ಕೇಳಲಿಲ್ಲ. ಅವಳು ಏನೂ ಕೇಳದೆ ಇದ್ದದ್ದೇ ವಿಚಿತ್ರ, ಅದು ನನ್ನ ಗಮನಕ್ಕೆ ಬರಲಿಲ್ಲ.

ಜಾಗ ಗುರುತು ಮಾಡಲು ಬಂದವರು ರಾಯಚೂರ ಕಡೆಯ ಒಬ್ಬ ಭೂವಿಜ್ಞಾನಿ, ಬೀದರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಇದ್ದವರು. ನಡುವಯಸ್ಸು, ಹ್ಯಾಟು, ಮುರಮಿನ ಧೂಳು ಹತ್ತಿದ ಬೂಟು. ದರ್ಪ ಮಾಡುವ ಮನುಷ್ಯರಲ್ಲ. ಅವರು ಗಾಯರಾಣದಲ್ಲಿ ತಿರುಗಾಡುವಾಗ ಅಣ್ಣ, ಅವ್ವ, ನಾನು ಮೂವರೂ ಜೊತೆಗಿದ್ದೆವು. ಕಲ್ಲುಗುಪ್ಪೆ ಇದ್ದ ಇಳಿಜಾರಿಗೆ ಬಂದು ಅವರು ನಿಂತರು.

"ಇಲ್ಲಿ ಏನಾರ ಅದ ಏನ್ರಿ? ಗುಡಿ, ಗೋರಿ, ಹಳೇ ಬಾವಿ? ಇದ್ರ ಈಗೇ ಹೇಳ್ರಿ. ನಾವು ಆಚೀಗಿ ಸರೀತೇವಿ, ನಮಗೇನು ತೊಂದ್ರಿಲ್ಲ" ಎಂದರು.

ಅಣ್ಣ ಅವ್ವನ ಮುಖ ನೋಡಿದ. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಏನೂ ಇಲ್ರಿ ಸಾಹೇಬ್ರ" ಎಂದಳು.

"ಈ ಕಲ್ಲು?"

"ಹಾದ್ಯಾಗಿನ ಕಲ್ಲು ರೀ. ಏನೂ ಇಲ್ಲ ಇಲ್ಲಿ. ಹುಲ್ಲು ಸೈತ ಇಲ್ಲ."

ಹುಲ್ಲು ಇತ್ತು. ಆಗಷ್ಟೇ ಮಳೆಗಾಲ ಮುಗಿದಿತ್ತು, ಹುಲ್ಲು ನಮ್ಮ ಕಾಲಿಗೆ ತಾಗುತ್ತಿತ್ತು. ಅವ್ವ ಯಾಕೆ ಹೀಗೆ ಹೇಳುತ್ತಾಳೆ, ಸರ್ಕಾರ ಹುಲ್ಲಿಗೂ ತೆರಿಗೆ ಹಾಕುತ್ತದೆ ಎಂದುಕೊಂಡಳೇನೋ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಅವರು ಅಲ್ಲೊಂದು ಗೂಟ ಹೊಡೆಸಿ ಮುಂದೆ ಹೋದರು. ಮರುದಿನ ನಾನು ಭಾಲ್ಕಿಗೆ ಹೊರಟೆ.

ಬೋರಿನ ಲಾರಿ ನಿಲ್ಲಲು ನೆಲ ಸಮ ಇರಬೇಕು. ಆ ಇಳಿಜಾರಿನಲ್ಲಿ ಕೆಲಸದವರು ಕೈಗೆ ಸಿಕ್ಕ ಕಲ್ಲುಗಳನ್ನು ಒಟ್ಟಿ ಜ್ಯಾಕಿನ ಕೆಳಗೆ, ಗಾಲಿಯ ಕೆಳಗೆ ಕೊಟ್ಟು ಲಾರಿ ನಿಲ್ಲಿಸಿದರು. ಕೈಗೆ ಸಿಕ್ಕ ಕಲ್ಲು ಎಂದರೆ ನಮ್ಮ ಗುಪ್ಪೆ. ಅವರನ್ನು ನಾನು ಬೈಯಲಾರೆ. ಕೇಳಿದ್ದರು, ಏನೂ ಇಲ್ಲ ಎಂದು ಉತ್ತರ ಬಂದಿತ್ತು. ಕೊರೆಯುವ ಸದ್ದು ಊರವರೆಗೂ ಬರುತ್ತಿತ್ತಂತೆ. ಅವ್ವ ದಿನವೂ ಅಲ್ಲಿಗೆ ಹೋಗಿ ದೂರದ ಬೇವಿನ ಗಿಡದ ಕೆಳಗೆ ಕೂತು ಬರುತ್ತಿದ್ದಳಂತೆ. ಕೆಲಸ ಮುಗಿದು ಲಾರಿ ಹೋದ ಮೇಲೆ ಅವಳು ರೊಟ್ಟಿ ಬಿಟ್ಟಳು. ಬರೀ ಚಹಾ ಕುಡಿಯುತ್ತಾಳೆ, ಹಿಂಡಿನ ಹಿಂದೆ ಬರುವುದಿಲ್ಲ, ಯಾರನ್ನೂ ಬೈಯುವುದೂ ಇಲ್ಲ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಬೈಯುವುದಿಲ್ಲ ಎಂದದ್ದೇ ನನಗೆ ಹೆದರಿಕೆ ತಂದಿತು. "ಏನಾಗೇದ ಅಣ್ಣಾ?" ಎಂದರೆ, "ನಾ ಹೇಳೂ ಹಂಗಿಲ್ಲ. ನೀ ಬಂದು ಅಕೀನೇ ಕೇಳು" ಎಂದ.

ಹೋದೆ. ಮಧ್ಯಾಹ್ನ ಅವ್ವ ಅಂಗಳದಲ್ಲಿ ಕಂಬಳಿಯ ಮೇಲೆ ಕೂತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದಳು. ಮುಖ ಸೊರಗಿತ್ತು. ನಾನು ಪಕ್ಕದಲ್ಲಿ ಕೂತು ಉಣ್ಣೆ ಬಿಡಿಸಿ ಕೊಡತೊಡಗಿದೆ. ಅವಳು ತಕಲಿಯ ಮೇಲಿನ ಕಣ್ಣು ತೆಗೆಯದೆ ಮಾತಾಡಿದಳು.

"ನೀ ಸಣ್ಣಾಕಿ ಇದ್ದಾಗಿಂದ ಕಲ್ಲು ಇಟ್ಟೀದಿ. ಯಾರಿಗೆ ಅಂತ ಕೇಳಿಲ್ಲ."

"ಅಪ್ಪಗ ಕೇಳೀನಿ. ಅವ ಹೇಳ್ಲಿಲ್ಲ."

"ಹೇಳೂ ಹಂಗಿಲ್ಲ ಮಗಳ."

ಗುಪ್ಪೆಯೇ ಹೋದ ಮೇಲೆ ಇನ್ನೇನು ಎನ್ನುವಂತೆ, ಆಮೇಲೆ ಹೇಳಿದಳು. ಅಣ್ಣನಿಗೂ ನನಗೂ ನಡುವೆ ಒಂದು ಕೂಸು ಇತ್ತು. ಹಿಂಡು ಗಡಿಯಾಚೆಯಿಂದ ತಿರುಗಿ ಬರುವಾಗ ಜಡಿಮಳೆ ಹಿಡಿಯಿತು, ಕೂಸಿಗೆ ಜ್ವರ ಬಂತು. ಇನ್ನೊಂದು ಹರದಾರಿ ನಡೆದಿದ್ದರೆ ಊರು. ಗಾಯರಾಣದಲ್ಲೇ ಅದು ಹೋಯಿತು. ಹಲ್ಲು ಬರುವ ಮೊದಲೇ ಹೋದ ಕೂಸನ್ನು ನಮ್ಮ ಮನೆತನದಲ್ಲಿ ಊರಿಗೆ ತರುವುದಿಲ್ಲ, ಹಿಂಡು ನಿಂತ ಕಡೆಯೇ ಮಣ್ಣು ಮಾಡುತ್ತಾರೆ. ಅಪ್ಪ ಕೊಡಲಿಯಿಂದ ನೆಲ ತೋಡಿದ. ತನ್ನ ಕಂಬಳಿಯ ತುದಿ ಹರಿದು ಸುತ್ತಿದ. ಮೇಲೆ ಜಾಲಿಮುಳ್ಳು, ಮುಳ್ಳಿನ ಮೇಲೆ ಕಲ್ಲು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಆಮೇಲೆ ಆ ಜಾಗದ ಮಾತು ಎತ್ತಬಾರದು, ಅತ್ತ ಬೆರಳು ಮಾಡಿ ತೋರಿಸಬಾರದು. ಹಾದು ಹೋಗುವಾಗ ಕಲ್ಲಿಟ್ಟು ಹೋಗುತ್ತಿರಬೇಕು, ಅಷ್ಟೇ.

"ತೋರಿಸಿದ್ರ ಏನಾಗ್ತದ?" ಎಂದೆ. ದೆವ್ವ, ಶಾಪ ಎಂದು ಏನಾದರೂ ಹೇಳುತ್ತಾಳೆ, ಸಮಾಧಾನ ಮಾಡೋಣ ಎಂದು ತಯಾರಾಗಿದ್ದೆ.

"ಕೂಸು ಏಳತದ. ಎದ್ದು ಕುರಿ ಹಿಂದ ಬರ್ತದ. ಹಾದಿ ತಿಳಿಯಂಗಿಲ್ಲ, ಕಾಲಾಗ ಬಲ ಇಲ್ಲ. ದಣೀತದ."

 ಉಣ್ಣೆ ಕೈಯಲ್ಲೇ ಉಳಿಯಿತು. ನಾನು ಅತ್ತುಬಿಟ್ಟೆ, ಅವ್ವ ಅಳಲಿಲ್ಲ. ಕೊನೆಗೆ, "ಬೆರಳು ಮಾಡೋದು ಬ್ಯಾಡಾಗಿತ್ತು, ಹೆಸರೆತ್ತೋದು ಬ್ಯಾಡಾಗಿತ್ತು. ಅವತ್ತ ಸಾಹೇಬ್ರ ಕೇಳಿದಾಗ ಒಂದು ಗೋರಿ ಅದ ಅಂದಿದ್ರ ಸಾಕಿತ್ತಲ್ಲವ್ವಾ, ಅವರು ಆಚೀಗಿ ಸರೀತಿದ್ರಲ್ಲ" ಎಂದೆ. ನನ್ನ ದನಿಯಲ್ಲಿ ಸಿಟ್ಟೇ ಇತ್ತು.

"ಏನೂ ಇಲ್ಲ ಅಂದ್ರ ಹೋಗ್ತಾರ ಅಂತ ತಿಳದೆ" ಎಂದಳು ಅವ್ವ. "ಏನೂ ಇಲ್ಲದ ಕಡಿ ಯಾರು ನಿಂದರ್ತಾರ? ಹುಲ್ಲಿಲ್ಲ, ನೀರಿಲ್ಲ ಅಂದ್ರ ನಾವು ಹಿಂಡು ಎಬ್ಬಿಸಿಕೊಂಡು ಮುಂದಿನ ಊರಿಗಿ ಹೋಗೂದಿಲ್ಲೇನು?"

ಅವಳ ಜೀವಮಾನದ ಅನುಭವ ಅದು. ಹಿಂಡಿನವರಿಗೆ ಯಾರಾದರೂ ಇಲ್ಲೇನೂ ಇಲ್ಲ ಎಂದರೆ ಅವರು ತಂಗದೆ ನಡೆಯುತ್ತಾರೆ. ರಿಯಾಕ್ಟರಿಗೆ ಜಾಗ ಹುಡುಕುವವರಿಗೆ ಮಾತ್ರ ಏನೂ ಇಲ್ಲದ ಜಾಗವೇ ಬೇಕು. ಊರು ದೂರವಿರಬೇಕು, ಗುಡಿ ಗೋರಿ ಇರಬಾರದು, ತೋಟ ಇರಬಾರದು. ಇದನ್ನು ನಾನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಸುತ್ತೇನೆ. ಅವ್ವ ಅವರನ್ನು ಓಡಿಸಲು ಆಡಿದ ಮಾತೇ ಅವರನ್ನು ಅಲ್ಲಿ ನಿಲ್ಲಿಸಿತು.

"ಪೆಟ್ಟಿಗ್ಯಾಗ ಹಾಕ್ಕೊಂಡು ಹೋದ್ರು" ಎಂದಳು ಆಮೇಲೆ. "ಒಳಗಿಂದ ತೆಗದು ತೆಗದು ಕಟಗೀ ಪೆಟ್ಟಿಗ್ಯಾಗ ಇಟ್ಟು, ಮುಚ್ಚಳ ಬಡದು, ಬೀದರಕ್ಕ ಒಯ್ದರು. ನಾ ಗಿಡದ ಬುಡಕ ಕೂತು ನೋಡೀನಿ. ಅದನ್ನ ತಿರಗಿ ತರಬೇಕು. ಬೀದರದಾಗ ಅದಕ್ಕ ಯಾರದಾರ?"

ಬಂಡೆಯ ಮಾದರಿ ತೆಗೆಯುವುದು ಎಂದರೇನು ಎಂದು ನಾನು ವಿವರಿಸಬಹುದಿತ್ತು. ಅದರ ಬದಲು ಮರುದಿನ ಅವಳನ್ನು ಕರೆದುಕೊಂಡು ಔರಾದಿಗೆ ಹೋಗಿ ಅಲ್ಲಿಂದ ಬೀದರದ ಬಸ್ಸು ಹತ್ತಿದೆ. ಅವ್ವ ಒಂದು ಹೊಸ ಕಂಬಳಿಯ ತುಂಡು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಅದು ಯಾಕೆಂದು ನಾನು ಕೇಳಲಿಲ್ಲ, ಗೊತ್ತಿತ್ತು.

ಬೋರಿನ ಪೆಟ್ಟಿಗೆಗಳನ್ನು ಗಾಂಧಿ ಗಂಜ ಮಾರುಕಟ್ಟೆಯ ಹಿಂದೆ ಒಂದು ಬಾಡಿಗೆಯ ಗೋದಾಮಿನಲ್ಲಿ ಇಟ್ಟಿದ್ದರು. ಆಟೋ ಒಳಗೆ ಹೋಗಲಿಲ್ಲ. ತೊಗರಿಯ ಲಾರಿಗಳು ಅಡ್ಡ ನಿಂತಿದ್ದವು, ಹಮಾಲರು ಚೀಲ ಹೊತ್ತು ಓಡುತ್ತಿದ್ದರು. ಅವ್ವ ಕಂಬಳಿಯನ್ನು ಎದೆಗೆ ಹಿಡಿದುಕೊಂಡು ಅವರ ನಡುವೆ ದಾರಿ ಮಾಡಿಕೊಂಡು ನಡೆದಳು. ಭೂವಿಜ್ಞಾನಿಗಳಿಗೆ ನಾನು ಮೊದಲೇ ಫೋನು ಮಾಡಿ ಎಲ್ಲವನ್ನೂ ಹೇಳಿದ್ದೆ, ಅವ್ವನ ಎದುರು ಆಡುವ ಮಾತಾಗಿರಲಿಲ್ಲ ಅದು. ಅವರು ಬಾಗಿಲಲ್ಲೇ ಕಾಯುತ್ತಿದ್ದರು. ಹ್ಯಾಟು ತೆಗೆದು ಕೈಯಲ್ಲಿ ಹಿಡಿದಿದ್ದರು.

ಪೆಟ್ಟಿಗೆಗಳು ಉದ್ದಕ್ಕೆ, ಒಳಗೆ ಸಾಲು ಸಾಲು ಖಾನೆಗಳು. ಖಾನೆಗಳಲ್ಲಿ ಲಟ್ಟಣಿಗೆಯಂತೆ ದುಂಡಗೆ ಕೊರೆದು ತೆಗೆದ ಕಪ್ಪು ಕಲ್ಲು. ನಮ್ಮ ಬೋರಿನ ಪೆಟ್ಟಿಗೆಗಳನ್ನು ಅವರು ಒಂದೊಂದಾಗಿ ತೆರೆಸಿದರು. ಅವ್ವ ಬಾಗಿ ಪ್ರತಿಯೊಂದು ತುಂಡಿನ ಮೇಲೂ ಅಂಗೈ ಇಟ್ಟು ನೋಡಿದಳು. 

"ಇದರಾಗ ಮಣ್ಣಿಲ್ಲಲ್ರಿ" ಎಂದಳು ಕೊನೆಗೆ.

"ಮ್ಯಾಲಿನ ಮಣ್ಣು ಇದರಾಗ ಬರಂಗಿಲ್ರಿ ಅವ್ವಾರ" ಎಂದರು ಅವರು. "ಅದು ಸಡ್ಲ ಇರ್ತದ. ಕೊರಿಯೂ ಮುಂದ ನೀರು ಬಿಡ್ತೇವಿ, ನೀರಿನ ಜೋಡಿ ಹೋಗಿಬಿಡ್ತದ. ಗಟ್ಟಿ ಕಲ್ಲು ಅಷ್ಟೇ ನಮಗ ಉಳಿಯೂದು."

"ನೀರು ಎಲ್ಲಿ ಹೋತ್ರಿ?"

"ಅಲ್ಲೇ, ಇಳಕಲಿಗಿ ಹರದು ಹೋತ್ರಿ."

ಅವ್ವ ಸೆಟೆದು ನಿಂತಳು. ಭೂವಿಜ್ಞಾನಿಗಳಿಗೆ ತಡೆಯಲಾಗಲಿಲ್ಲ. ತೂತು ಬಹಳ ಸಣ್ಣದು, ಅಂಗೈಯಷ್ಟು ಅಗಲವಿಲ್ಲ, ಒಂದು ಮಾರು ಆಚೀಚೆ ಆಗಿದ್ದರೂ ಏನೂ ಮುಟ್ಟಿರುವುದಿಲ್ಲ, ಮುಟ್ಟಿದೆ ಎಂದು ನಾನಂತೂ ಹೇಳಲಾರೆ ಎಂದು ಎರಡೆರಡು ಸಲ ಹೇಳಿದರು. ಬೋರಿನ ಬಾಯಿ ಮುಚ್ಚಲು ತಾನೇ ಬರುತ್ತೇನೆ, ಜಾಗ ಗೊತ್ತಾದರೆ ಅದರ ಮೇಲೆ ಕಾಂಕ್ರೀಟು ಬೀಳದಂತೆ ನೋಡಿಕೊಳ್ಳುತ್ತೇನೆ ಎಂದರು. ಗೊತ್ತಾಗುವುದು ಎಂದರೆ ಅವ್ವ ಬೆರಳು ಮಾಡಿ ತೋರಿಸುವುದು. ಅವರಿಗೂ ಅದು ತಿಳಿದಿತ್ತು, ಆದ್ದರಿಂದ ಒತ್ತಾಯ ಮಾಡಲಿಲ್ಲ. ಅವ್ವ ಕಂಬಳಿಯ ತುಂಡನ್ನು ಮಡಚಿದ್ದು ಮಡಚಿದಂತೆಯೇ ವಾಪಸು ತಂದಳು.

ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಸಿದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಕೂರಲಾಗದೆ ನನ್ನ ಕ್ಲಾಸಿನ ಪ್ರಶ್ನೆಯನ್ನು ಅವ್ವನಿಗೆ ಹೇಳಿದೆ. ಈ ರಿಯಾಕ್ಟರಿನವರಿಗೂ ಹೂಳುವ ಒಂದು ಕೆಲಸವಿದೆ, ಹೂತ ಮೇಲೆ ಆ ಜಾಗವನ್ನು ಮುಂದಿನವರು ಅಗೆಯದಂತೆ ಹೇಗೆ ಹೇಳುವುದು ಎಂದು ದೊಡ್ಡ ದೊಡ್ಡ ದೇಶದವರು ತಲೆ ಕೆಡಿಸಿಕೊಂಡಿದ್ದಾರೆ, ಯಾರಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ ಎಂದೆ.

"ಹಾದು ಹೋಗೋರು ಇರಬೇಕು" ಎಂದಳು.

"ಸಾವಿರ ವರ್ಷ ಯಾರು ಹಾದು ಹೋಗ್ತಾರವ್ವಾ?"

ಅವಳು ಚಹಾದ ಲೋಟ ತಣ್ಣಗಾಗುವವರೆಗೂ ಕೈಯಲ್ಲೇ ಹಿಡಿದಿದ್ದಳು. ಅವಳ ಕೂಸಿನ ವಿಷಯದಲ್ಲಿ ಹಾದು ಹೋಗುವವರೂ ಇದ್ದರು, ಕಲ್ಲುಗಳೂ ಇದ್ದವು. ಆದರೂ ಆಗುವುದು ಆಯಿತು.

ಕೆಲವು ತಿಂಗಳ ಮೇಲೆ ನಮ್ಮ ಗಾಯರಾಣ ಪಟ್ಟಿಯಿಂದ ಬಿದ್ದು ಹೋಯಿತು. ಬಂಡೆ ಚೆನ್ನಾಗಿದೆ, ಆದರೆ ವರ್ಷವಿಡೀ ಬೇಕಾಗುವಷ್ಟು ನೀರು ಈ ಕಡೆ ಸಿಗುವುದಿಲ್ಲ ಎಂದು ಭೂವಿಜ್ಞಾನಿಗಳು ಫೋನಿನಲ್ಲಿ ತಿಳಿಸಿದರು. ಬೇಸಿಗೆಯಲ್ಲಿ ಮಾಂಜ್ರಾ ನದಿಯನ್ನು ಒಂದು ಸಲ ನೋಡಿದ್ದರೂ ಇದು ಗೊತ್ತಾಗುತ್ತಿತ್ತು ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಚಹಾದಂಗಡಿಯಲ್ಲಿ ಬಾಂಬಿನವರು ಪೇಡೆ ಹಂಚಿದರು, ನೌಕರಿಯವರು ಮುಖ ಸಣ್ಣ ಮಾಡಿಕೊಂಡರು. ರಸಾಯನಶಾಸ್ತ್ರದ ಮೇಡಂ "ತೋರಣ ಒಳಗಿಡ್ರಿ" ಎಂದು ನಕ್ಕವರು ನನ್ನ ಮುಖ ನೋಡಿ ಚಹಾದ ಲೋಟ ನನ್ನತ್ತ ಸರಿಸಿದರು. ರಿಯಾಕ್ಟರಿನ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ಎಲ್ಲೋ ಒಂದು ಕಡೆ ಅದು ಆಗಲಿ, ನಮ್ಮಂಥ ಊರುಗಳಲ್ಲಿ ದೀಪ ಉರಿಯಲಿ ಎಂದೇ ನನ್ನ ಆಸೆ. ಆದರೆ ಖಾಲಿ ಜಾಗ ಎಂಬ ಮಾತನ್ನು ಬೋರ್ಡಿನ ಮೇಲೆ ಬರೆಯಲು ಈಗ ಕೈ ಏಳುವುದಿಲ್ಲ.

ಬೋರಿನ ಬಾಯಿ ಮುಚ್ಚುವ ದಿನ ಭೂವಿಜ್ಞಾನಿಗಳು ಹೇಳಿದಂತೆ ತಾವೇ ಬಂದರು, ಜೊತೆಗೆ ಇಬ್ಬರು ಕೆಲಸದವರು, ಸಿಮೆಂಟು, ಉಸುಕು. ನಾನು ರಜೆ ಹಾಕಿ ಹೋಗಿದ್ದೆ. ಗುಪ್ಪೆ ಇದ್ದ ಕಡೆ ನೆಲವೆಲ್ಲ ಲಾರಿಯ ಗಾಲಿಗೆ ಸಿಕ್ಕು ಬೋಳಾಗಿತ್ತು. ನಮ್ಮ ಕಲ್ಲುಗಳು ಸುತ್ತಲೂ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು, ಕೆಲವು ಒಡೆದಿದ್ದವು. ನಡುವೆ ಕಬ್ಬಿಣದ ಪೈಪಿನ ತುದಿ ಗೇಣುದ್ದ ಮೇಲೆ ಕಾಣುತ್ತಿತ್ತು. ಗುಪ್ಪೆ ಸರಿಯಾಗಿ ಎಲ್ಲಿತ್ತು ಎಂದು ಅಣ್ಣನಿಗೂ ನನಗೂ ಗುರುತು ಹತ್ತಲಿಲ್ಲ. ಇಷ್ಟು ವರ್ಷ ಇಟ್ಟ ಕೂಡಲೇ ತಿರುಗಿ ನೋಡದೆ ನಡೆದವರು ನಾವು.

ಅವ್ವ ಬರುವುದಿಲ್ಲ ಎಂದಿದ್ದಳು. ಕೆಲಸದವರು ಸಿಮೆಂಟು ಕಲೆಸುವ ಹೊತ್ತಿಗೆ ಬೇವಿನ ಗಿಡದ ಕಡೆಯಿಂದ ಬಂದಳು. ಬಂದವಳು ಅಣ್ಣನನ್ನು ಕೇಳಿದಳು, "ತೋರಿಸಿದಾಕಿ ತಿರಗಿ ಈ ಹಾದಿ ತುಳೀಬಾರದು. ನಿನಗ ಗೊತ್ತದಲ್ಲ?"

"ಗೊತ್ತದ. ಬ್ಯಾಡವ್ವಾ" ಎಂದ ಅಣ್ಣ.

ನನಗೆ ಗೊತ್ತಿರಲಿಲ್ಲ. ಅಣ್ಣ ಮೆಲ್ಲಗೆ ಹೇಳಿದ. ತೋರಿಸಿದರೆ ಕೂಸು ಎಚ್ಚರಾಗುತ್ತದೆ. ಎಚ್ಚರಾದ ಕೂಸು ತಾಯಿಯನ್ನು ಕಂಡರೆ ಬೆನ್ನು ಹತ್ತುತ್ತದೆ. ಆದ್ದರಿಂದ ತಾಯಿ ಮತ್ತೆಂದೂ ಅದರ ಕಣ್ಣಿಗೆ ಬೀಳಬಾರದು. ಜೀವಮಾನವಿಡೀ ಅವ್ವ ಹಿಂಡಿನ ಹಿಂದೆ ಯಾಕೆ ನಡೆದಳು, ಮೊಣಕಾಲು ನೋವಿದ್ದರೂ ಮನೆಯಲ್ಲಿ ಯಾಕೆ ಕೂರಲಿಲ್ಲ ಎಂದು ನನಗೆ ಆಗ ತಿಳಿಯಿತು. ಅವಳು ಈ ದಾರಿಗಾಗಿ ನಡೆದಿದ್ದಳು.

"ಅದರ ಮ್ಯಾಲೆ ಸಿಮೆಂಟ್ ಬೀಳೂದು ಬ್ಯಾಡ" ಎಂದಳು ಅವ್ವ. ಬಲಗೈ ಎತ್ತಿದಳು. ಬೆರಳು ನೆಟ್ಟಗಿತ್ತು. ಅದು ತೋರಿಸಿದ್ದು ಪೈಪನ್ನೇ.

 ಭೂವಿಜ್ಞಾನಿಗಳು ನನ್ನನ್ನು ನೋಡಿದರು, ಪೈಪನ್ನು ನೋಡಿದರು. ಆಮೇಲೆ ಅವ್ವನ ಹತ್ತಿರ ಬಂದು, "ತೆರದು ಬಿಟ್ರ ಕುರಿಮರಿ ಕಾಲು ಸಿಗತದ್ರಿ ಅವ್ವಾರ. ಮುಚ್ಚಲೇಬೇಕು. ನನ್ನ ಕೈಲಿ ಬ್ಯಾರೆ ಏನೂ ಆಗಂಗಿಲ್ಲ" ಎಂದರು. ಅವರ ಕಣ್ಣು ತುಂಬಿತ್ತು. ಅವ್ವ ತಲೆಯಾಡಿಸಿದಳು. ಕುರಿಮರಿಯ ಕಾಲಿನ ಮಾತು ಅವಳಿಗೆ ಅರ್ಥವಾಗದ ಮಾತಲ್ಲ.

ಕಂಬಳಿಯ ತುಂಡು ಅವಳ ಕಂಕುಳಲ್ಲೇ ಇತ್ತು. ಅದನ್ನು ಅಣ್ಣನ ಕೈಗೆ ಕೊಟ್ಟಳು. ಅಣ್ಣ ಅದನ್ನು ಪೈಪಿನ ಸುತ್ತ ಹಾಸಿದ. ಕೆಲಸದವರು ಅದರ ಮೇಲೆ ಸಿಮೆಂಟು ಹಾಕಿ, ಒಂದು ಸಣ್ಣ ಚೌಕ ಮಾಡಿ, ಕರಣಿಯಿಂದ ನಯವಾಗಿ ಎಳೆದರು. ಬೋರಿಗೆ ಗುರುತು ಹಾಕುವುದು ಅವರ ನಿಯಮ. ಭೂವಿಜ್ಞಾನಿಗಳು ಒಂದು ಮೊಳೆ ತೆಗೆದುಕೊಂಡು ಹಸಿ ಸಿಮೆಂಟಿನ ಮೇಲೆ ಒಂದು ಅಂಕಿ ಕೊರೆದರು.

"ಏನು ಬರದರು?" ಎಂದು ಅವ್ವ ನನ್ನನ್ನು ಕೇಳಿದಳು.

"ಮೂರು ಅಂತ. ಇದು ಅವರ ಮೂರನೇ ಬೋರು."

ಅವ್ವ ಆ ಅಂಕಿಯನ್ನು ನೋಡುತ್ತ ನಿಂತಳು. ಅವಳಿಗೆ ಓದು ಬರುವುದಿಲ್ಲ.

"ಮೂರು ನೀನು" ಎಂದಳು. "ಇಕಿ ಎರಡನೇದಾಕಿ."

ಹೇಳಿ ತಿರುಗಿದಳು. ಹಿಂಡಿನ ದಾರಿ ಬಿಟ್ಟು, ಕೆಳಗಿನ ಹೊಲಗಳ ಬದುವಿನ ಮೇಲೆ ಮೊಣಕಾಲು ಹಿಡಿದುಕೊಂಡು ನಡೆದು ಹೋದಳು. ನನಗೊಬ್ಬಳು ಅಕ್ಕ ಇದ್ದಳು. ಈಗ ಊರಿಗೆ ಹೋದಾಗಲೆಲ್ಲ ಆ ಸಿಮೆಂಟಿನ ಮೇಲೆ ಕಲ್ಲಿಡುವವಳು ನಾನು. ಮನೆಗೆ ಬಂದ ಮೇಲೆ ಅವ್ವ ಇಟ್ಟೆಯಾ ಎಂದು ಕೇಳುವುದಿಲ್ಲ, ನನ್ನ ಕೈಗೆ ಹತ್ತಿದ ಮುರಮು ನೋಡುತ್ತಾಳೆ.